ದಾಸವಾಳದ ಕೆಂಪು, ಇಳಕಲ್ ಸೆರಗಿನ ಕೆಂಪು: ಚಿತ್ರದಲ್ಲಿ ಎಳೆಗಳು ಏಕೆ ಕಾಣುತ್ತಿಲ್ಲ?

ಸೂಜಿದಾರ (ಧಾರವಾಡ):

ಎಲ್ಲರಿಗೂ ನಮಸ್ಕಾರ. ನಾನು ಹಳೆಯ ಸೀರೆ, ಧೋತರಗಳಿಂದ ಕೌದಿ ಹೊಲಿಯುವವಳು. ಮೊಮ್ಮಗಳಿಗೆಂದು ಹಿಡಿದಿದ್ದ ಕೌದಿ ಹೋದ ವಾರ ಮುಗಿಯಿತು. ಮುಂದಿನದಕ್ಕೆ ಬೇಕಾದ ಬಟ್ಟೆಗಳನ್ನು ಒಗೆದು ಒಣಹಾಕಿದ್ದೇನೆ. ಈ ನಡುವಿನ ಬಿಡುವಿನಲ್ಲಿ, ಮಗ ಕೊಡಿಸಿದ ಮಿರರ್‌ಲೆಸ್ ಕ್ಯಾಮೆರಾವನ್ನು ಹಿತ್ತಲಿನಲ್ಲಿ ಹಿಡಿದು ಕಲಿಯುತ್ತಿದ್ದೇನೆ. ಅದರ ಜೊತೆಗೆ ಬಂದ 18–55 ಮಿ.ಮೀ. ಲೆನ್ಸ್ ಒಂದೇ ನನ್ನಲ್ಲಿದೆ.

ನಂದಿಬಟ್ಟಲು, ಕರಿಬೇವಿನ ಚಿಗುರು, ಚೆಂಡುಹೂ ಎಲ್ಲವೂ ಚೆನ್ನಾಗಿಯೇ ಬರುತ್ತಿವೆ. ಕೆಂಪು ದಾಸವಾಳ ಮಾತ್ರ ಕೈಗೆ ಸಿಗುತ್ತಿಲ್ಲ. ಕಣ್ಣಿಗೆ ಕಾಣುವ ಎಸಳಿನ ನರಗಳು, ಅಂಚಿನ ಸಣ್ಣ ಸುಕ್ಕುಗಳು, ಬುಡದ ಕಡುಗೆಂಪು, ಇವೆಲ್ಲ ಅಳಿಸಿಹೋಗಿ ಕೆಂಪು ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದ ಕಾಗದದಂತೆ ಹೂವು ಕಾಣುತ್ತದೆ. ಮುಗಿದ ಕೌದಿಯ ಚಿತ್ರ ತೆಗೆದಾಗಲೂ ಹೀಗೆಯೇ ಆಯಿತು. ಅದರ ನಟ್ಟನಡುವೆ ನಮ್ಮ ಅತ್ತೆಯವರ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡೊಂದಿದೆ. ರೇಷ್ಮೆಯ ಎಳೆಯೂ, ಅದರ ಮೇಲೆ ನಾನು ಹಾಕಿದ ಹೊಲಿಗೆಯೂ ಚಿತ್ರದಲ್ಲಿ ಇಲ್ಲವೇ ಇಲ್ಲ. ಫೋಕಸ್ ತಪ್ಪಿರಬಹುದೆಂದು ಹತ್ತಾರು ಬಾರಿ ನೋಡಿದೆ, ಅದು ಸರಿಯಾಗಿಯೇ ಇದೆ. ಬೆಳಗಿನ ಹನ್ನೊಂದರ ಬಿಸಿಲಿನಲ್ಲಿ, ಕ್ಯಾಮೆರಾದ ಆಟೋ ವ್ಯವಸ್ಥೆಯಲ್ಲಿ, ‘ವಿವಿಡ್’ ಬಣ್ಣದಲ್ಲಿ ತೆಗೆದ ಚಿತ್ರಗಳಿವು. ಆ ಸೆರಗನ್ನು ಸರಿಯಾಗಿ ದಾಖಲಿಸಿ ಇಡಬೇಕೆಂಬ ಆಸೆಯೇ ಈ ಕ್ಯಾಮೆರಾಕ್ಕೆ ಮುಖ್ಯ ಕಾರಣ. ಬಲ್ಲವರು ದಯವಿಟ್ಟು ತಿಳಿಸಿ.

ಬೆಳಕಿಂಡಿ:

ಅಕ್ಕನವರೆ, ನಿಮ್ಮ ಕೈಯಲ್ಲಿಯೂ ಕ್ಯಾಮೆರಾದಲ್ಲಿಯೂ ದೋಷವಿಲ್ಲ. ಕ್ಯಾಮೆರಾ ಪ್ರತಿ ಬಣ್ಣವನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಾಲುಗಳಾಗಿ ಅಳೆದು ಬರೆದುಕೊಳ್ಳುತ್ತದೆ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಒಂದೊಂದು ಪಾಲೂ 0ಯಿಂದ 255ರವರೆಗೆ ಮಾತ್ರ ಹೋಗಬಲ್ಲದು. ದಾಸವಾಳದಲ್ಲಿ ಹಸಿರು, ನೀಲಿ ಪಾಲುಗಳು ಬಹಳ ಕಡಿಮೆ. ಹೂವಿನ ರೂಪವನ್ನೆಲ್ಲ ಕೆಂಪೊಂದೇ ಹೊರಬೇಕು. ಬಿಸಿಲು ಜೋರಾದಾಗ ಎಸಳಿನ ಉಬ್ಬು, ತಗ್ಗು, ನರ ಎಲ್ಲವೂ 255ಕ್ಕೆ ಮುಟ್ಟಿ ನಿಂತುಬಿಡುತ್ತವೆ. ಎಲ್ಲ ಕಡೆಯೂ ಅದೇ ಅಂಕಿ ಇದ್ದಮೇಲೆ ಗೆರೆ ಮೂಡುವುದಾದರೂ ಎಲ್ಲಿಂದ?

ಇದು ಕ್ಯಾಮೆರಾಕ್ಕೆ ತಾನಾಗಿ ಏಕೆ ತಿಳಿಯುವುದಿಲ್ಲ ಎಂದರೆ, ಬೆಳಕನ್ನು ಅಂದಾಜು ಮಾಡುವಾಗ ಹಸಿರಿಗೆ ಹೆಚ್ಚು ತೂಕ, ಕೆಂಪಿಗೆ ಕಡಿಮೆ ತೂಕ ಸಿಗುತ್ತದೆ. ಸುತ್ತ ಕಡುಹಸಿರು ಎಲೆಗಳಿದ್ದರೆ ದೃಶ್ಯವೇ ಮಂಕಾಗಿದೆ ಎಂದು ಬಗೆದು ಅದು ಇನ್ನಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಮೇಲಿಂದ ‘ವಿವಿಡ್’ ಆಯ್ಕೆ ಬಣ್ಣವನ್ನು ಮತ್ತಷ್ಟು ಗಾಢ ಮಾಡುತ್ತದೆ.

ಮೊದಲು ‘ವಿವಿಡ್’ ಬಿಟ್ಟು ‘ನ್ಯೂಟ್ರಲ್’ಗೆ ಬನ್ನಿ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು (ಕ್ಯಾಮೆರಾ ತಾನಾಗಿ ಅಂದಾಜಿಸಿದ ಬೆಳಕನ್ನು ನಾವು ಹೆಚ್ಚು ಕಡಿಮೆ ಮಾಡುವ ಆಯ್ಕೆ) –1ಕ್ಕೆ ಇಳಿಸಿ ಒಂದು ಚಿತ್ರ ತೆಗೆದು, ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಂದು ಚಿತ್ರದ ಬೆಳಕಿನ ಹಂಚಿಕೆಯನ್ನು ಗುಡ್ಡದಂತೆ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಪುಟವನ್ನು ತೆರೆಯಿರಿ. ಬಿಳಿಯ ಒಂದೇ ಗುಡ್ಡವನ್ನು ತೋರಿಸುವ ಪುಟವನ್ನು ನಂಬಬೇಡಿ. ಅದರಲ್ಲಿ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಕೆಂಪಿನ ಗುಡ್ಡ ಬಲಗೋಡೆಗೆ ಒತ್ತಿಕೊಂಡಿದ್ದರೆ ಇನ್ನೂ ಇಳಿಸಿ. ಜೊತೆಗೆ ರಾ ಕಡತವನ್ನೂ (ಕ್ಯಾಮೆರಾ ಅಳೆದದ್ದನ್ನು ಹೆಚ್ಚು ತಿದ್ದದೆ ಇಡುವ ಕಡತ) ಉಳಿಸಿಕೊಳ್ಳಿ, ಜೆಪೆಗ್‌ನಲ್ಲಿ ಕಳೆದುಹೋದ ಕೆಂಪು ಎಷ್ಟೋ ಸಲ ರಾ ಕಡತದಲ್ಲಿ ಉಳಿದಿರುತ್ತದೆ.

ಹಳಿಯಾಳದ ಓದುಗ:

ಬೆಳಕಿಂಡಿಯವರು ಹೇಳಿದ್ದು ಹೂವಿಗೆ ಸಾಕು, ಆದರೆ ಹೊಲಿಗೆ ಕಾಣಬೇಕಾದರೆ ಬೆಳಕು ಬರುವ ದಿಕ್ಕನ್ನೂ ನೋಡಬೇಕು. ನಮ್ಮ ಕಡೆ ಸಿದ್ದಿ ಸಮುದಾಯದ ಮಹಿಳೆಯರು ಕೌದಿಯನ್ನು ಮೂಲೆಯಿಂದ ಆರಂಭಿಸಿ, ಅಂಚಿನಗುಂಟ ಸುತ್ತುತ್ತಾ ಒಳಕ್ಕೆ ಹೊಲಿಯುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ಸಣ್ಣ ಹೂವುಗಳನ್ನು ಇಡುತ್ತಾರೆ, ಅವಕ್ಕೆ ಫೂಲ ಎನ್ನುತ್ತಾರೆ. ಅಂಥ ಕೌದಿಯೊಂದನ್ನು ನಾನು ಮೊದಲು ಅಂಗಳದ ತಂತಿಗೆ ಹಾಕಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು ಚಿತ್ರ ತೆಗೆದಾಗ ಬಣ್ಣಗಳು ಬಂದವು, ಹೊಲಿಗೆ ಬರಲಿಲ್ಲ. ಎದುರಿನಿಂದ ಬಿದ್ದ ಬೆಳಕು ನೆರಳನ್ನು ಉಳಿಸುವುದಿಲ್ಲ. ಅದೇ ಕೌದಿಯನ್ನು ಪೂರ್ವದ ಬಾಗಿಲಿನ ಬಳಿ ಹೊರಸಿನ ಮೇಲೆ ಹಾಸಿದೆ. ಏಳು ಗಂಟೆಯ ಬೆಳಕು ಬಟ್ಟೆಯನ್ನು ಸವರಿಕೊಂಡು ಹೋಗುವಾಗ, ಎರಡು ಹೊಲಿಗೆಯ ನಡುವೆ ಬಟ್ಟೆ ಉಬ್ಬಿ ನಿಂತ ಜಾಗಗಳು ಉತ್ತ ಹೊಲದ ಸಾಲುಗಳಂತೆ ಎದ್ದು ಬಂದವು. ಫೂಲದ ಮಡಿಕೆಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ಫ್ಲ್ಯಾಶ್ ಬೇಡವೇ ಬೇಡ.

ಇಡೀ ಕೌದಿಯನ್ನು ತೆಗೆಯುವಾಗ ದೂರ ನಿಂತು ಲೆನ್ಸನ್ನು 55ರ ಕಡೆಗೆ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ತುದಿಗೆ, ಎಳೆದುಕೊಳ್ಳಿ. 18ರಲ್ಲಿ ಹತ್ತಿರದಿಂದ ತೆಗೆದರೆ ನೇರವಾದ ಅಂಚು ಹೊರಕ್ಕೆ ಬಾಗಿದಂತೆ ಬರುತ್ತದೆ, ಹೊಲಿದವರಿಗೆ ಅದು ಅನ್ಯಾಯ.

ಸೂಜಿದಾರ (ಧಾರವಾಡ):

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ಎರಡನ್ನೂ ಮಾಡಿ ನೋಡಿದೆ. ದಾಸವಾಳದ ಮೇಲೆ ಬಿಸಿಲು ನೇರವಾಗಿ ಬೀಳದಂತೆ, ಒಣಹಾಕಿದ್ದ ತೆಳುವಾದ ಬಿಳಿ ಧೋತರವನ್ನೇ ಗಿಡದ ಮೇಲಕ್ಕೆ ಎರಡು ಕೋಲು ನಿಲ್ಲಿಸಿ ಕಟ್ಟಿದೆ. –1ರಲ್ಲಿಯೂ ಕೆಂಪಿನ ಗುಡ್ಡ ಗೋಡೆಗೆ ತಾಗುತ್ತಿತ್ತು, –1.3ಕ್ಕೆ ಇಳಿಸಿದಾಗ ಬಿಟ್ಟುಕೊಂಡಿತು. ಎಸಳಿನ ನರಗಳು ಬಂದಿವೆ, ಕೇಸರದಿಂದ ಉದುರಿ ಎಸಳಿನ ಮೇಲೆ ಕುಳಿತ ಹಳದಿ ಪುಡಿಯೂ ಬಂದಿದೆ. ಸುತ್ತಲಿನ ಎಲೆಗಳು ತುಸು ಕಪ್ಪಾದವು, ಆದರೆ ಹೂವಿಗೆ ಅದು ಒಪ್ಪುತ್ತದೆ ಎಂದೇ ನನಗೆ ಅನ್ನಿಸಿತು.

ಕೌದಿಯನ್ನು ಹೊರಸಿನ ಮೇಲೆ ಹಾಸಿದಾಗ ಬೆಳಕು ಸ್ವಲ್ಪ ಏರಿಬಿಟ್ಟಿತ್ತು, ಆದರೂ ಸೆರಗಿನ ಮೇಲಿನ ಹೊಲಿಗೆ ಸ್ಪಷ್ಟವಾಗಿ ಕಾಣುತ್ತಿದೆ. ಒಂದು ಕಡೆ ರೇಷ್ಮೆ ಸವೆದು ಅಡಿಯ ಬಟ್ಟೆ ಇಣುಕುವುದನ್ನು, ಹೊಲಿಯುವಾಗ ನಾನೇ ಗಮನಿಸದೆ ಇದ್ದದ್ದನ್ನು, ಚಿತ್ರ ತೋರಿಸಿಕೊಟ್ಟಿತು. ಮೊಮ್ಮಗಳಿಗೆ ಕೊಡುವ ಮೊದಲು ಅಲ್ಲಿ ಒಂದು ತೇಪೆ ಹಾಕುತ್ತೇನೆ.

ಬೆಳಕಿಂಡಿ:

ತುಂಬಾ ಸಂತೋಷವಾಯಿತು, ಅಕ್ಕನವರೆ. ಧೋತರದ ಉಪಾಯ ನನಗೂ ಹೊಸದು. ತೇಪೆ ಹಾಕುವ ಮೊದಲು ಆ ಸವೆದ ಜಾಗದ ಹತ್ತಿರದ ಚಿತ್ರವೊಂದನ್ನು ಎಫ್/8ರಲ್ಲಿ (ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿ) ತೆಗೆದಿಟ್ಟುಕೊಳ್ಳಿ, ಆಮೇಲೆ ಆ ಜಾಗ ಮತ್ತೆ ಕಾಣಸಿಗುವುದಿಲ್ಲ.