ಮುಂದಿನ ಟೈರ್ ಒಳಗಡೆ ಮಾತ್ರ ಸವೆಯುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು 2009ರ ಆಲ್ಟೊ. ಮುಂದಿನ ಎಡಗಡೆ ಟೈರಿನ ಒಳ ಅಂಚು ಪೂರ್ತಿ ನುಣ್ಣಗಾಗಿದೆ, ಹೊರಗಡೆ ಗ್ರಿಪ್ ಇನ್ನೂ ಚೆನ್ನಾಗಿದೆ. ನಿಂತು ನೋಡಿದರೆ ಗೊತ್ತೇ ಆಗಲ್ಲ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಬಗ್ಗಿದಾಗ ಕಾಣಿಸಿತು. ಅಡ್ಡಡ್ಡ ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ವಾಪಸ್ ತಂದರೆ ಅರದ ಹಾಗೆ ತರಚುತ್ತದೆ.

ಗಾಳಿ ಕಡಿಮೆಯಿದ್ದರೆ ಎರಡೂ ಅಂಚು ಸವೆಯಬೇಕು, ಜಾಸ್ತಿಯಿದ್ದರೆ ನಡುಭಾಗ. ಹಾಗಾಗಿ ಇದು ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವುದು) ಅಥವಾ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವುದು) ಸಮಸ್ಯೆ ಇರಬೇಕು ಅಲ್ವಾ? ಅಲೈನ್‌ಮೆಂಟ್ ಮಾಡಿಸಿದೆ. ಟೋ ಸರಿಹೋಯಿತು, ಎಡಗಡೆ ಕ್ಯಾಂಬರ್ ಮಾತ್ರ ಮೆಷಿನ್ ಪರದೆ ಮೇಲೆ ಕೆಂಪಲ್ಲೇ, ಅಂದರೆ ಅಳತೆ ತಪ್ಪಿಯೇ, ಉಳಿಯಿತು. "ಈ ಗಾಡೀಲಿ ಕ್ಯಾಂಬರ್ ಅಡ್ಜಸ್ಟ್ ಮಾಡೋಕೆ ಬರಲ್ಲ ಸರ್, ಟೈರ್ ಹಾಕ್ಸಿ" ಎಂದರು ಅಲ್ಲಿಯವರು. ಕಾರಣ ಹುಡುಕದೆ ಹೊಸ ಟೈರ್ ಹಾಕಿದರೆ ಅದೂ ಹೀಗೇ ಆಗುತ್ತದೆ. ಸುಮ್ನೆ ದುಡ್ಡು ದಂಡ.

ಓಡಾಟ ಸಕಲೇಶಪುರದ ಕಡೆ, ಗುಂಡಿಗೆ ಬರವಿಲ್ಲ. ಹಂಪ್ ಇಳಿಯುವಾಗ ಎಡಗಡೆ 'ಟಕ್' ಅಂತ ಸದ್ದು. ಬ್ರೇಕ್ ಹಾಕಿದರೆ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ನನ್ನ ಅನುಮಾನ ಲೋವರ್ ಆರ್ಮ್ (ಚಕ್ರವನ್ನು ಕೆಳಗಡೆ ಗಾಡಿಗೆ ಹಿಡಿದಿಡುವ ತೋಳು) ಬುಷ್ ಮೇಲೆ, ಅಂದರೆ ಅದರ ಬುಡದ ರಬ್ಬರ್ ಮೇಲೆ. ಒಬ್ಬ ಮೆಕ್ಯಾನಿಕ್ ಬಾಲ್ ಜಾಯಿಂಟ್ (ಆ ತೋಳಿನ ಚಕ್ರದ ಕಡೆಯ ಗುಂಡು ಕೀಲು) ಅಂತಾರೆ. ಇನ್ನೊಬ್ಬರು ಸ್ಟ್ರಟ್ (ಸ್ಪ್ರಿಂಗ್ ಕೂರುವ ಶಾಕ್ ಅಬ್ಸಾರ್ಬರ್) ಬಾಗಿದೆ, ಜೋಡಿಯಾಗೇ ಬದಲಾಯಿಸಿ ಅಂತಾರೆ.

ಸ್ಟ್ರಟ್ ಬಾಗಿದೆಯಾ ಅಂತ ಬಿಚ್ಚದೆ ತಿಳಿಯುವ ದಾರಿ ಇದೆಯಾ? ಹೊಸ ಬುಷ್ ಮಾತ್ರ ಪ್ರೆಸ್ ಮಾಡಿ ಕೂರಿಸಿದರೆ ಸಾಕಾ, ಇಡೀ ಆರ್ಮ್ ಹಾಕಿಸಬೇಕಾ? ಟೈರಲ್ಲಿ ಇನ್ನೂ ತಂತಿ ಕಾಣುತ್ತಿಲ್ಲ. ರಿಪೇರಿ ಆಗುವವರೆಗೆ ಸ್ಟೆಪ್ನಿ ಹಾಕಿ ಓಡಿಸುತ್ತಿದ್ದೇನೆ. ಹಾಸನದಲ್ಲಿ ಸಸ್ಪೆನ್ಷನ್ ಕೆಲಸ ತಾಳ್ಮೆಯಿಂದ ನೋಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.