ದ್ವಾರಕಾನಾಥ ಠಾಕೂರ್: ದುಡ್ಡು ಬಂದದ್ದೆಲ್ಲಿಂದ, ಹೋದದ್ದೆಲ್ಲಿಗೆ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಓದುಗರ ಬಳಗದಲ್ಲಿ ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥರ ಬಗ್ಗೆ 25 ನಿಮಿಷದ ಮಾತು ಇದೆ. ಕೇಳಲು ಬರುವವರು ಅಡಿಕೆ ಬೆಳೆಗಾರರು, ಮಂಡಿಯವರು, ಬ್ಯಾಂಕಿನಿಂದ ನಿವೃತ್ತರಾದವರು. ಕವಿಯ ಅಜ್ಜ ಅಂದರೆ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ; ಲೆಕ್ಕ ತಪ್ಪಿದರೆ ಮಾತ್ರ ಅಲ್ಲೇ ಹಿಡಿಯುತ್ತಾರೆ.

ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ. ‘ಪ್ರಿನ್ಸ್’ ಅಂತಾರೆ, ರಾಜ್ಯ ಯಾವುದು ಗೊತ್ತಾಗಲಿಲ್ಲ. ಮಹಾದಾನಿ ಅಂತಾರೆ, ಅಫೀಮಿನ ವ್ಯಾಪಾರಿ ಅಂತಲೂ ಅಂತಾರೆ. ಪ್ಯಾರಿಸ್‌ನಲ್ಲಿ ಕಾಶ್ಮೀರಿ ಶಾಲು ಹಂಚಿದವರು ಸಾಲ ಬಿಟ್ಟು ಸತ್ತದ್ದು ಹೇಗೆ? ದುಡ್ಡಿನ ದಾರಿ ಸರಿಯಾಗಿ ಗೊತ್ತಿರುವವರು ಬಿಡಿಸಿ ಹೇಳಿ.

ಹಳೇಕಡತ

ಮೊದಲು ‘ಪ್ರಿನ್ಸ್’ ವಿಷಯ ಮುಗಿಸೋಣ. ರಾಜ್ಯವೂ ಇಲ್ಲ, ಪಟ್ಟವೂ ಇಲ್ಲ. ಖರ್ಚು ಮಾಡುವ ಗತ್ತು ನೋಡಿ ಜನ, ಪತ್ರಿಕೆಗಳು ಅಂಟಿಸಿದ ಹೆಸರು ಅದು. ಅಸಲಿಗೆ ಜಮೀನ್ದಾರ. ಹುಟ್ಟಿದ್ದು 1794, ಕಲ್ಕತ್ತೆಯ ಜೋಡಾಸಾಂಕೊ. ದೊಡ್ಡಪ್ಪ ರಾಮಲೋಚನರಿಗೆ ದತ್ತು ಹೋದದ್ದರಿಂದ ಆಸ್ತಿ ಬಂತು.

ಆಸ್ತಿಯಷ್ಟೇ ಬೆಲೆಬಾಳುವ ಇನ್ನೊಂದು ಬಂಡವಾಳ ಕಾನೂನಿನ ಜ್ಞಾನ. ಬಂಗಾಳದಲ್ಲಿ ಕಂದಾಯದ ಕಂತು ಗೊತ್ತಾದ ದಿನದ ಸೂರ್ಯಾಸ್ತದೊಳಗೆ ಕಟ್ಟದಿದ್ದರೆ ಜಮೀನ್ದಾರಿಯೇ ಹರಾಜು. ಆ ನಿಯಮದ ಒಳಹೊರಗು ತಿಳಿದವನಿಗೆ ಬೇರೆ ಜಮೀನ್ದಾರರು ದುಡ್ಡು ಕೊಟ್ಟು ಸಲಹೆ ಕೇಳುತ್ತಿದ್ದರು. ಜೊತೆಗೆ ಸರ್ಕಾರಿ ನೌಕರಿ: 1822ರಲ್ಲಿ ಕಲ್ಕತ್ತೆ ಪಕ್ಕದ 24 ಪರಗಣ ಜಿಲ್ಲೆಯ ಕಲೆಕ್ಟರ್ ಹಾಗೂ ಉಪ್ಪಿನ ಏಜೆಂಟರ ಕಚೇರಿಯಲ್ಲಿ ಶಿರಸ್ತೇದಾರ, ಆಮೇಲೆ ಸುಂಕ, ಉಪ್ಪು, ಅಫೀಮು ಮಂಡಳಿಗೆ ದಿವಾನ. 1829ರಲ್ಲಿ ಕಲ್ಕತ್ತೆಯಲ್ಲಿ ಯೂನಿಯನ್ ಬ್ಯಾಂಕ್ ಶುರುವಾದಾಗ ಸ್ಥಾಪಕರಲ್ಲಿ ಒಬ್ಬ. ನೌಕರಿ ಬಿಟ್ಟದ್ದು 1834. ಅದೇ ವರ್ಷ ಇಂಗ್ಲಿಷ್ ವ್ಯಾಪಾರಿ ವಿಲಿಯಂ ಕಾರ್ ಜೊತೆ ‘ಕಾರ್, ಟಾಗೋರ್ ಅಂಡ್ ಕಂಪನಿ’ ಕಟ್ಟಿದ.

ಆ ಹೊತ್ತು ಯಾಕೆ ಮುಖ್ಯ ಅಂದರೆ, 1830ರ ಜನವರಿಯಲ್ಲಿ ಪಾಮರ್ ಕಂಪನಿ ಮುಳುಗಿತು. ನಾಲ್ಕು ವರ್ಷದೊಳಗೆ ಕಲ್ಕತ್ತೆಯ ದೊಡ್ಡ ಇಂಗ್ಲಿಷ್ ಏಜೆನ್ಸಿ ಮನೆಗಳೆಲ್ಲ (ಅಂದರೆ ಪಾಮರ್‌ನಂಥ ವ್ಯಾಪಾರಿ ಸಂಸ್ಥೆಗಳು) ಸಾಲಾಗಿ ಬಿದ್ದವು. (ನಮ್ಮಲ್ಲಿ ನಗರ ಸೀಮೆಯ ರೈತರ ದಂಗೆ ನಡೆಯುತ್ತಿದ್ದ ಕಾಲ, ಸಭೆಯಲ್ಲಿ ಹೀಗೆ ಹೇಳಿದರೆ ಕಾಲಮಾನ ತಟ್ಟನೆ ಹಿಡಿಯುತ್ತಾರೆ.) 1833ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರವನ್ನೇ ನಿಲ್ಲಿಸಿತು. ಬಿದ್ದವರ ಆಸ್ತಿ ಅಗ್ಗಕ್ಕೆ ಸಿಗುವ ಸಮಯ. ದಿವಾಳಿಯಾದ ಅಲೆಕ್ಸಾಂಡರ್ ಕಂಪನಿಯ ರಾಣಿಗಂಜ್ ಕಲ್ಲಿದ್ದಲ ಗಣಿಯನ್ನು ಕಾರ್-ಟಾಗೋರ್ 1836ರಲ್ಲಿ ಕೊಂಡದ್ದು 70,000 ರೂಪಾಯಿಗೆ.

ಒಂದು ಎಚ್ಚರಿಕೆ. ‘ಯುರೋಪಿನವರ ಜೊತೆ ಪಾಲುದಾರನಾದ ಮೊದಲ ಭಾರತೀಯ’ ಅಂತ ಹೇಳಬೇಡಿ. ಪಾರ್ಸಿ ವ್ಯಾಪಾರಿ ರುಸ್ತುಂಜಿ ಕಾವಸ್‌ಜಿ ಕಲ್ಕತ್ತೆಯಲ್ಲೇ ಅದಕ್ಕೂ ಮೊದಲು ಅಂಥ ಪಾಲುದಾರಿಕೆ ಮಾಡಿದ್ದರು.

ಮಂಡಿಲೆಕ್ಕ

ಮಂಡಿಯವರಿಗೆ ಇದನ್ನು ಹೇಳಿಕೊಡುವುದೇ ಬೇಡ ಮಾರಾಯ್ರೆ, ದ್ವಾರಕಾನಾಥರ ದುಡ್ಡಿನ ಇನ್ನೊಂದು ದಾರಿ ನೀಲಿ, ಅಂದರೆ ಗಿಡದಿಂದ ತೆಗೆಯುವ ನೀಲಿ ಬಣ್ಣ; ಆ ವ್ಯಾಪಾರ ನಮ್ಮ ಅಡಿಕೆ ವ್ಯಾಪಾರದ ಅಣ್ಣತಮ್ಮ. ಕೊಯ್ಲಿಗೆ ಮುಂಚೆ ಮುಂಗಡ, ಮುಂಗಡ ತಗೊಂಡವನು ಮಾಲು ಅಲ್ಲಿಗೇ ಹಾಕಬೇಕು. ಬಂಗಾಳದಲ್ಲಿ ಇದಕ್ಕೆ ‘ದಾದನ್’ ಅಂತಿದ್ದರು. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಇಲ್ಲಿ ರೇಟು ಬೆಳೆಗಾರನ ಕಣ್ಣೆದುರು ಏಳುತ್ತದೆ, ಬೀಳುತ್ತದೆ, ಅಲ್ಲಿ ರೈತನಿಗೆ ಸಿಗುವ ದರ ಕುಠಿಯವನು (ನೀಲಿ ಕಾರ್ಖಾನೆಯ ಧಣಿ) ಹೇಳಿದ್ದು. ಮುಂಗಡ ತೀರುತ್ತಲೇ ಇರಲಿಲ್ಲ, ಅಪ್ಪನ ಬಾಕಿ ಮಗನ ಖಾತೆಗೆ ಬರುತ್ತಿತ್ತು.

ಕೆಲಸದ ರೀತಿ ಹೀಗೆ. ಗಿಡ ಹೂಬಿಡುವ ಮುಂಚೆ ಕೊಯ್ದು ಅವತ್ತೇ ಮೇಲಿನ ತೊಟ್ಟಿಗೆ ತುಂಬಬೇಕು. ಮೇಲೆ ಬಿದಿರು, ಅದರ ಮೇಲೆ ತೊಲೆ ಹೇರಿ ನೀರು ಬಿಡಬೇಕು. ಸೆಕೆ ನೋಡಿಕೊಂಡು ಒಂಬತ್ತರಿಂದ ಹದಿನಾಲ್ಕು ತಾಸು ಕೊಳೆಸುತ್ತಾರೆ. ಬೇಗ ಬಿಟ್ಟರೆ ಬಣ್ಣ ಕಡಿಮೆ, ಹೊತ್ತು ಮೀರಿದರೆ ಮಾಲು ಕೆಡುತ್ತದೆ. ಚೊಗರಿನ ಹಂಡೆ ಮುಂದೆ ನಿಂತು ಅಡಿಕೆ ಬೆಂದದ್ದು ನೋಡುವ ಹಾಗೆ, ಇಲ್ಲೂ ಕಣ್ಣಳತೆಯೇ. ಹಳದಿ-ಹಸಿರು ನೀರು ಕೆಳಗಿನ ತೊಟ್ಟಿಗೆ ಇಳಿದ ಮೇಲೆ ಆಳುಗಳು ಅದರೊಳಗೆ ನಿಂತು ಹುಟ್ಟಿನಿಂದ ಎರಡು ಮೂರು ತಾಸು ಬಡಿಯುತ್ತಾರೆ. ಗಾಳಿ ಸೇರಿ ನೀರು ನೀಲಿ ತಿರುಗಿ, ಚರಟ ಕೂರುತ್ತದೆ. ತಿಳಿನೀರು ಬಸಿದು, ಚರಟ ಕುದಿಸಿ, ಬಟ್ಟೆಯಲ್ಲಿ ಸೋಸಿ, ಒತ್ತಿ, ಬಿಲ್ಲೆ ಕತ್ತರಿಸಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೀಳು. ಇಷ್ಟು ಮಾಡಿದರೂ ನೂರು ಕಿಲೋ ಹಸಿಗಿಡಕ್ಕೆ ಅರ್ಧ ಕಿಲೋ ಬಣ್ಣವೂ ಸಿಗುತ್ತಿರಲಿಲ್ಲ. ಕೊಯ್ಲಿನ ಹೊತ್ತಿಗೇ ಹೊಳೆ ಬಂದು ತಗ್ಗು ಗದ್ದೆ ಮುಳುಗಿದರೆ ಆ ವರ್ಷದ ಮುಂಗಡವೂ ನೀರಿನಲ್ಲಿ.

ಈಗ ದುಡ್ಡು. ಪೆಟ್ಟಿಗೆ ಹಡಗು ಹತ್ತಿದ ಕೂಡಲೇ ಲಂಡನ್ನಿನ ವ್ಯಾಪಾರಿ ಮನೆಯೊಂದರ ಮೇಲೆ ಕೆಲವು ತಿಂಗಳ ವಾಯಿದೆಯ ಹುಂಡಿ (ಇಂಥ ದಿನ ಇಷ್ಟು ದುಡ್ಡು ಕೊಡಿ ಎಂಬ ಪತ್ರ) ಬರೆಯುತ್ತಾರೆ. ಆ ಹುಂಡಿಯನ್ನು ಕಲ್ಕತ್ತೆಯ ಬ್ಯಾಂಕಿಗೆ ಕೊಟ್ಟು, ಬಡ್ಡಿ ಮುರಿದುಕೊಂಡು ಉಳಿದದ್ದನ್ನು ನಗದು ಮಾಡಿಕೊಂಡು ಮುಂದಿನ ವರ್ಷದ ಮುಂಗಡಕ್ಕೆ ಹಂಚುತ್ತಾರೆ. ಮಾಲು ಮಾರಾಟವಾಗುವ ಮೊದಲೇ ಅದರ ದುಡ್ಡು ಇನ್ನೊಂದು ಬೆಳೆಯಲ್ಲಿ ಇರುತ್ತದೆ. ಈ ಗಾಲಿ ತಿರುಗಬೇಕಾದರೆ ಹುಂಡಿಯ ಕೆಳಗಿನ ಸಹಿಯ ಮೇಲೆ ಊರಿಗೆ ನಂಬಿಕೆ ಇರಬೇಕು. ದ್ವಾರಕಾನಾಥರ ಬೆಲ್ಗಾಛಿಯಾ ಬಂಗಲೆಯ ಔತಣಗಳನ್ನು ಬರೀ ಶೋಕಿ ಅಂತ ತಳ್ಳಿಹಾಕಬೇಡಿ. ಅಲ್ಲಿ ಊಟಕ್ಕೆ ಕೂತವರು ಅಧಿಕಾರಿಗಳು, ವ್ಯಾಪಾರಿಗಳು. ಹುಂಡಿ ತಗೊಳ್ಳಬೇಕೋ ಬೇಡವೋ ಎನ್ನುವವರೂ ಅವರೊಳಗೇ. ದೀಪ ಜಾಸ್ತಿ ಉರಿದಷ್ಟೂ ಸಹಿಗೆ ಬೆಲೆ.

ಕಲ್ಲಿದ್ದಲಿನ ಕಥೆಯೂ ಚೆನ್ನಾಗಿದೆ. ಹೂಗ್ಲಿಯಲ್ಲಿ ಮರಳುದಿಬ್ಬ ಜಾಸ್ತಿ, ಹಾಯಿಹಡಗುಗಳು ಕಲ್ಕತ್ತೆಗೆ ಬರಲು ದಿನಗಟ್ಟಲೆ ಒದ್ದಾಡುತ್ತಿದ್ದವು. ಅವನ್ನು ಉಗಿದೋಣಿಯಿಂದ ಎಳೆದು ತರುವ ಕಂಪನಿ ಕಟ್ಟಿದರು. ಷೇರು ಜನರದ್ದು, ಆಡಳಿತ ಮತ್ತು ಕಮಿಷನ್ ಕಾರ್-ಟಾಗೋರ್‌ದು, ಸುಡುವ ಕಲ್ಲಿದ್ದಲು ರಾಣಿಗಂಜ್‌ದು. ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ. ತೊಡಕು ಎಲ್ಲಿ ಅಂದರೆ, ಕಲ್ಲಿದ್ದಲು ಬರುತ್ತಿದ್ದದ್ದು ದಾಮೋದರ ನದಿಯ ದೋಣಿಗಳಲ್ಲಿ, ಅದೂ ಮಳೆಗಾಲದಲ್ಲಿ ಮಾತ್ರ. ತುಂಗೆಯ ಜುಲೈ ನೀರು ಫೆಬ್ರವರಿಗೆ ಇರುತ್ತದಾ? ಹಾಗೇ ಅಲ್ಲೂ. ವರ್ಷದ ಕೂಲಿ ಮೊದಲೇ ಕೊಟ್ಟು, ಮಾಲು ದಡದಲ್ಲಿ ರಾಶಿ ಹಾಕಿ ಹೊಳೆ ಏರುವುದನ್ನು ಕಾಯಬೇಕು. ರಾಣಿಗಂಜ್‌ಗೆ ರೈಲು ಬಂದದ್ದು 1855ರಲ್ಲಿ. ಅಷ್ಟರಲ್ಲಿ ಕಂಪನಿಯೂ ಇರಲಿಲ್ಲ, ಯಜಮಾನನೂ ಇರಲಿಲ್ಲ.

ಆಗುಂಬೆಮಳೆ

ಮಂಡಿಲೆಕ್ಕದವರು ಬರೆದದ್ದು ಸರಿ, ಆದರೆ ಗಾಲಿಯ ಕೆಳಗೆ ಸಿಕ್ಕವರನ್ನು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿರಿ. ನೀಲಿ ರೈತರು ತಿರುಗಿಬಿದ್ದ 1859–60ರ ಹೊತ್ತಿಗೆ ದ್ವಾರಕಾನಾಥ ಇರಲಿಲ್ಲ ನಿಜ. ಆ ದಂಗೆಗೆ ಕಾರಣವಾದ ಪದ್ಧತಿಯಲ್ಲಿ ಅವನ ಕುಠಿಗಳೂ ಇದ್ದವು. ಚೀನಾಕ್ಕೆ ಅಫೀಮು ಒಯ್ಯುತ್ತಿದ್ದ ವೇಗದ ಹಡಗು ‘ವಾಟರ್ ವಿಚ್’ನಲ್ಲಿ ಅವನಿಗೆ ಪಾಲಿತ್ತು. ಇದನ್ನು ಬಿಟ್ಟು ದಾನದ ಪಟ್ಟಿ ಓದಿದರೆ ಅದು ಸನ್ಮಾನಪತ್ರ ಆಗುತ್ತದೆ.

ದಾನ ಸುಳ್ಳಲ್ಲ. ಕಲ್ಕತ್ತೆ ಮೆಡಿಕಲ್ ಕಾಲೇಜು 1835ರಲ್ಲಿ ಶುರುವಾದಾಗ ಒಳ್ಳೆ ವಿದ್ಯಾರ್ಥಿಗಳ ಬಹುಮಾನಕ್ಕೆ ವರ್ಷಕ್ಕೆ 2,000 ರೂಪಾಯಿಯಂತೆ ಮೂರು ವರ್ಷ ಕೊಡಲು ಒಪ್ಪಿದ. ಹೆಣ ಮುಟ್ಟಿದರೆ ಜಾತಿ ಹೋಗುತ್ತದೆ ಎನ್ನುವ ಕಾಲದಲ್ಲಿ ಅದು ಬರೀ ದುಡ್ಡಲ್ಲ, ಬೆಂಬಲ. 1845ರಲ್ಲಿ ಆ ಕಾಲೇಜಿನ ಡಾಕ್ಟರ್ ಗುಡೀವ್ ಜೊತೆ ಇಂಗ್ಲೆಂಡಿಗೆ ಓದಲು ಹೋದ ನಾಲ್ವರಲ್ಲಿ ಇಬ್ಬರ ಖರ್ಚು ಅವನದು. ಬ್ರಿಸ್ಟಲ್‌ನಲ್ಲಿ ತೀರಿಕೊಂಡಿದ್ದ ಗೆಳೆಯ ರಾಮಮೋಹನ ರಾಯರಿಗೆ ಆರ್ನೋಸ್ ವೇಲ್ ಸ್ಮಶಾನದಲ್ಲಿ ಈಗ ಕಾಣುವ ಸಮಾಧಿ ಕಟ್ಟಿಸಿದವನೂ ಅವನೇ. ಡಿಸ್ಟ್ರಿಕ್ಟ್ ಚಾರಿಟಬಲ್ ಸೊಸೈಟಿಗೆ ಲಕ್ಷ ರೂಪಾಯಿಯ ವಾಗ್ದಾನ ಮಾಡಿದ್ದ. ವಾಗ್ದಾನ ಅಂತಲೇ ಹೇಳಿ. ಅದನ್ನು ಬಡ್ಡಿ ಸಮೇತ ತೀರಿಸಿದ್ದು ಮಗ ದೇವೇಂದ್ರನಾಥ ಎಂದು ಠಾಕೂರ್ ಮನೆತನದ ಚರಿತ್ರೆಗಳು ಬರೆಯುತ್ತವೆ.

ಮನೆಯೊಳಗಿನ ಲೆಕ್ಕ ಬೇರೆ. ಗಂಡ ಯುರೋಪಿನವರ ಜೊತೆ ಮಾಂಸ, ಮದ್ಯದ ಪಂಕ್ತಿಗೆ ಕೂರುತ್ತಾನೆಂದು ಗೊತ್ತಾದ ಮೇಲೆ ಹೆಂಡತಿ ದಿಗಂಬರಿ ದೇವಿ ಪಂಡಿತರನ್ನು ಕರೆಸಿ ಕೇಳಿದಳು. ಸೇವೆ ಬಿಡಬಾರದು, ಸಹವಾಸ ಬೇಡ ಎಂಬಂಥ ಉತ್ತರ ಬಂತು. ಅಲ್ಲಿಂದಾಚೆ ಮನೆಯ ವಿಷಯಕ್ಕೆ ಗಂಡನ ಹತ್ತಿರ ಮಾತಾಡಿದಷ್ಟು ಸಲವೂ ಗಂಗಾನೀರಿನ ಸ್ನಾನ. ಹೊತ್ತು ಯಾವುದೇ ಇರಲಿ, ಚಳಿ ಇರಲಿ. ಮಡಿ ಅಂದರೆ ಏನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಅವನು ಹೊರಗಿನ ಬೈಠಕ್‌ಖಾನೆಗೆ ವಾಸ ಬದಲಿಸಿದ. ಅವಳು 1839ರಲ್ಲಿ ತೀರಿಕೊಂಡಳು. ಔತಣದ ಬಗ್ಗೆ ಐದು ನಿಮಿಷ ಮಾತಾಡುವುದಾದರೆ ಈ ಸ್ನಾನದ ಬಗ್ಗೆ ಒಂದು ನಿಮಿಷ ಇಡಿ.

ತುಂಗಾತೀರ, ಶಿವಮೊಗ್ಗ

ಧನ್ಯವಾದ, ತುಂಬಾ ಉಪಕಾರ. ಎರಡು ಗಂಟು ಉಳಿದಿದೆ. ವಿದೇಶದ ಭಾಗದಲ್ಲಿ ಯಾವುದು ನಿಜ? ಮತ್ತೆ, ಅಷ್ಟು ದೊಡ್ಡ ದಿವಾಳಿಯಾದರೂ ರವೀಂದ್ರರ ಕಾಲಕ್ಕೆ ಪೂರ್ವ ಬಂಗಾಳದ ಶಿಲಾಯಿದಹದ ಜಮೀನ್ದಾರಿ ಇತ್ತಲ್ಲ, ಅದು ಉಳಿದದ್ದು ಹೇಗೆ? ಬ್ಯಾಂಕಿನವರು ಮೊದಲು ಕೇಳುವುದೇ ಇದು.

ಹಳೇಕಡತ

ವಿದೇಶ ಬೇಗ ಹೇಳಿಬಿಡುತ್ತೇನೆ. 1842ರ ಜನವರಿಯಲ್ಲಿ ತಮ್ಮದೇ ಉಗಿಹಡಗು ‘ಇಂಡಿಯಾ’ದಲ್ಲಿ ಮೊದಲ ಯಾನ. ಜೊತೆಗೆ ಯುರೋಪಿಯನ್ ವೈದ್ಯ, ಸೋದರಳಿಯ, ಹಿಂದೂ ಆಳುಗಳು, ಒಬ್ಬ ಮುಸಲ್ಮಾನ ಬಾಣಸಿಗ. ವಿಕ್ಟೋರಿಯಾ ರಾಣಿಯ ಭೇಟಿ ನಿಜ. ವಾಪಸು ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳಲಿಲ್ಲ. 1845ರಲ್ಲಿ ಎರಡನೇ ಸಲ. ಪ್ಯಾರಿಸ್‌ನಲ್ಲಿ ದೊರೆ ಲೂಯಿ ಫಿಲಿಪ್ ಬಂದಿದ್ದ ಕೂಟಕ್ಕೆ ಕೋಣೆಯ ಗೋಡೆಗೆಲ್ಲ ಕಾಶ್ಮೀರಿ ಶಾಲು ಇಳಿಬಿಟ್ಟು, ಹೊರಡುವಾಗ ಹೆಂಗಸರ ಹೆಗಲಿಗೆ ಒಂದೊಂದು ಹೊದಿಸಿದ್ದನ್ನು ಆಗ ಅಲ್ಲಿ ಓದುತ್ತಿದ್ದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಬರೆದಿದ್ದಾರೆ. 1846ರ ಆಗಸ್ಟ್ 1ರಂದು ಲಂಡನ್ನಿನಲ್ಲಿ ಸಾವು, ಕೆನ್ಸಲ್ ಗ್ರೀನ್‌ನಲ್ಲಿ ಸಮಾಧಿ.

ದಿವಾಳಿ ಆದದ್ದು ಸತ್ತು ಸುಮಾರು ಒಂದೂವರೆ ವರ್ಷಕ್ಕೆ. ‘ಸಾಲ ಕೊಟ್ಟವರ ಕಾಟಕ್ಕೆ ಓಡಿಹೋದ’ ಅಂತ ಯಾರಾದರೂ ಎದ್ದು ಹೇಳಿದರೆ ಈ ತಾರೀಕು ಸಾಕು.

ಯೂನಿಯನ್ ಬ್ಯಾಂಕ್ ಕೆಟ್ಟದ್ದು ಮೂರು ಕಡೆ. ಒಂದು, ಸಾಲ ಮಂಜೂರು ಮಾಡುವ ನಿರ್ದೇಶಕರೇ ಸಾಲ ತಗೊಳ್ಳುವ ಮನೆಗಳ ಪಾಲುದಾರರು. ಮಂಡಿಯ ಸಾಹುಕಾರನೇ ಸೊಸೈಟಿಯ ಅಧ್ಯಕ್ಷನಾಗಿ ತನ್ನ ಅರ್ಜಿಗೆ ತಾನೇ ಸಹಿ ಹಾಕಿದ ಹಾಗೆ. ಎರಡು, ಒತ್ತೆ ಇಟ್ಟುಕೊಂಡದ್ದು ಗೋದಾಮಿನಲ್ಲಿದ್ದ ಮಾಲನ್ನಲ್ಲ. ನೀಲಿ ಕುಠಿಯ ತೊಟ್ಟಿ, ಕಟ್ಟಡ, ಮುಂದೆ ಬರಬೇಕಾದ ಬೆಳೆ. ರೇಟು ಬಿದ್ದ ದಿನ ಆ ತೊಟ್ಟಿಗಳನ್ನು ಕೇಳುವವರಿಲ್ಲ. ಮೂರು, ಷೇರುದಾರರ ಹೊಣೆಗೆ ಮಿತಿ ಇರಲಿಲ್ಲ, ಹಾಗಾಗಿ ಬ್ಯಾಂಕಿನ ಜೊತೆ ಮನೆಗಳೂ ಬಿದ್ದವು. 1847ರಲ್ಲಿ ಲಂಡನ್ನಿನ ವ್ಯಾಪಾರಿ ಮನೆಗಳು ಕುಸಿದವು. ಅಂಚೆ ಸೂಯೆಜ್ ದಾರಿಯಲ್ಲಿ ಬರಲು ಒಂದೂವರೆ ತಿಂಗಳು. ಅಲ್ಲಿ ಮುಳುಗಿದ ಮನೆಯ ಮೇಲೆ ಇಲ್ಲಿ ಅಷ್ಟು ದಿನವೂ ಹುಂಡಿ ಬರೆಯುತ್ತಲೇ ಇದ್ದರು. 1848ರ ಜನವರಿಗೆ ಬ್ಯಾಂಕೂ ಹೋಯಿತು, ಕಾರ್-ಟಾಗೋರೂ ಹೋಯಿತು. ದೇವೇಂದ್ರನಾಥ ತಮ್ಮ ಆತ್ಮಚರಿತ್ರೆಯಲ್ಲಿ ಕೊಡುವ ಲೆಕ್ಕ: ಸಾಲ ಒಂದು ಕೋಟಿ, ಬರಬೇಕಾದದ್ದು 70 ಲಕ್ಷ, ಕೊರತೆ 30 ಲಕ್ಷ.

ಈಗ ನಿಮ್ಮ ಎರಡನೇ ಗಂಟು. 1840ರಲ್ಲಿ, ಎಲ್ಲ ಏರುಗತಿಯಲ್ಲಿದ್ದಾಗ, ದ್ವಾರಕಾನಾಥ ಒಂದು ಟ್ರಸ್ಟ್ ಪತ್ರ ಮಾಡಿಸಿ ಕೆಲವು ಜಮೀನ್ದಾರಿಗಳನ್ನು ಮಕ್ಕಳು, ಮೊಮ್ಮಕ್ಕಳ ಹೆಸರಿಗೆ ಕಟ್ಟಿಟ್ಟರು. ಶಿಲಾಯಿದಹ ಇರುವ ಬಿರಾಹಿಂಪುರ ಮತ್ತು ಶಹಜಾದ್‌ಪುರ ಅದರೊಳಗಿದ್ದವು. ವ್ಯಾಪಾರದ ಸಾಲಕ್ಕೆ ಅವನ್ನು ಮುಟ್ಟುವ ಹಾಗಿಲ್ಲ. ದೀಪ, ಶಾಲು, ಔತಣ ಎಲ್ಲ ಒಂದು ಕಡೆ. ಇನ್ನೊಂದು ಕಡೆ ಈ ಪತ್ರ. ತನ್ನ ಸಹಿಯನ್ನು ಊರೆಲ್ಲ ನಂಬಿದಷ್ಟು ಅವರು ನಂಬಿರಲಿಲ್ಲ.

ಮಗ ಸಾಲ ಕೊಟ್ಟವರ ಸಭೆಯಲ್ಲಿ ಟ್ರಸ್ಟ್ ಆಸ್ತಿಯನ್ನೂ ಬಿಟ್ಟುಕೊಡುತ್ತೇವೆ ಅಂದರು. ಸಾಲ ಕೊಟ್ಟವರು ಅದನ್ನು ಹರಾಜಿಗೆ ಹಾಕಿಸಲಿಲ್ಲ. ಅದರ ಆದಾಯದಿಂದ ಠಾಕೂರ್ ಮನೆಯವರು ವರ್ಷಾನುವರ್ಷ ಸಾಲ ತೀರಿಸುತ್ತ ಬಂದರು.

ಮಂಡಿಲೆಕ್ಕ

ಇನ್ನೊಂದು ನೆನಪಿಡಿ ಸಾರ್. ಸಭೆಯಲ್ಲಿ ‘ಯೂನಿಯನ್ ಬ್ಯಾಂಕ್ ಮುಳುಗಿತು’ ಅಂತ ಮೊದಲ ಸಲ ಹೇಳುವಾಗಲೇ ‘ಕಲ್ಕತ್ತೆಯದು, 1829ರದು’ ಅಂತ ಸೇರಿಸಿ. ಈಗಿನ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾ ಮುಂಬಯಿಯಲ್ಲಿ 1919ರಲ್ಲಿ ಹುಟ್ಟಿದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೇಳದಿದ್ದರೆ ಮುಂದಿನ ಸಾಲಿನಲ್ಲಿ ಕೂತವರು ಮಾತು ಬಿಟ್ಟು ಡಿಪಾಸಿಟ್ಟಿನ ಯೋಚನೆಗೆ ಬೀಳುತ್ತಾರೆ.