ಅನಘಾಳ ಪೌಡರ್ ಪ್ರಶ್ನೆಗೆ ಚಿಕ್ಕಮ್ಮನ ಉತ್ತರ

ಅನಘಾ, ನಮ್ಮ ಮನೆಯ ಹೆಂಗಸರ ಗುಂಪಿನಲ್ಲಿ ನೀನು ಹಾಕಿದ ಧ್ವನಿ ಸಂದೇಶವನ್ನು ಬೆಳಿಗ್ಗೆಯೇ ಕೇಳಿದೆ. ಪಾರ್ಲರ್‌ನಲ್ಲಿ ಇಬ್ಬರು ಕಾದಿದ್ದರು, ಈಗ ಬಾಗಿಲು ಹಾಕಿ ಬಂದು ಕುಳಿತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳು. ಡೊಂಬಿವಲಿಯಲ್ಲಿ ರೈಲು ಹತ್ತುವಾಗ ಸರಿಯಿದ್ದ ಮುಖ, ಘಾಟ್ಕೋಪರ್‌ನಲ್ಲಿ ಮೆಟ್ರೊ ಹಿಡಿದು ಅಂಧೇರಿಯ ಕಚೇರಿ ಮುಟ್ಟುವಷ್ಟರಲ್ಲಿ ಎಣ್ಣೆ ಸವರಿದ ಕಾವಲಿಯಂತೆ ಹೊಳೆಯುತ್ತದೆ, ದಿನಕ್ಕೆ ಮೂರು ಸಲ ಪೌಡರ್ ಹಚ್ಚಿದರೂ ನಿಲ್ಲುವುದಿಲ್ಲ, ಯಾವ ಪೌಡರ್ ಕೊಳ್ಳಲಿ ಎಂದು ಕೇಳಿದ್ದೀಯ. ನನಗೆ ಸಂಕಟವಾದದ್ದು ಆ ‘ಮೂರು ಸಲ’ ಎಂಬ ಮಾತಿಗೆ. ಡಬ್ಬಿ ಬದಲಿಸುವ ಮೊದಲು ಅದನ್ನು ನಿಲ್ಲಿಸಬೇಕು.

ಅಡುಗೆಮನೆಯ ಕಟ್ಟೆಯ ಮೇಲೆ ಎಣ್ಣೆ ಚೆಲ್ಲಿದರೆ ನಿನ್ನ ಅಮ್ಮ ಏನು ಮಾಡುತ್ತಾಳೆ? ಮೊದಲು ಕಾಗದ ಹಾಕಿ ಒತ್ತಿ ತೆಗೆಯುತ್ತಾಳೆ, ಉಳಿದ ಜಿಡ್ಡಿಗೆ ಒಂದು ಚಿಟಿಕೆ ಹಿಟ್ಟು ಉದುರಿಸುತ್ತಾಳೆ. ಎಣ್ಣೆಯ ಮೇಲೆ ನೇರವಾಗಿ ಹಿಟ್ಟು ಸುರಿದರೆ ಮುದ್ದೆಯಾಗುತ್ತದೆ. ನಿನ್ನ ಮುಖದ ಮೇಲೆ ಆಗುತ್ತಿರುವುದೂ ಅದೇ. ಎಣ್ಣೆ ಹೀರಿದ ಪೌಡರ್ ಬಣ್ಣ ಕಂದಿ, ಮೂಗಿನ ಬದಿಯ ಗೆರೆಗಳಲ್ಲಿ ಕೂರುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೆ ಇನ್ನೊಂದು.

ಆದ್ದರಿಂದ ಕಚೇರಿ ತಲುಪಿದ ಮೇಲೆ ಮೊದಲು ಎಣ್ಣೆ ಹೀರುವ ತೆಳು ಕಾಗದ, ಅದೇ ಬ್ಲಾಟಿಂಗ್ ಪೇಪರ್. ಸಿಗದಿದ್ದರೆ ಸಾಮಾನ್ಯ ಟಿಶ್ಯೂ ಪೇಪರ್ ತೆಗೆದುಕೊಂಡು ಪದರ ಬಿಡಿಸಿ ಒಂದೇ ಎಳೆ ಮಾಡಿಕೋ. ಹಣೆಯ ಮೇಲೆ ಇಟ್ಟು ಐದು ಎಣಿಸುವವರೆಗೆ ಒತ್ತಿ ಹಿಡಿ, ಉಜ್ಜಬೇಡ. ಆಮೇಲೆ ಮೂಗು, ಗದ್ದ. ಎಣ್ಣೆಯ ಗ್ರಂಥಿಗಳು ಹೆಚ್ಚಾಗಿರುವುದು ಇಲ್ಲಿಯೇ. ಎಷ್ಟೋ ದಿನ ಇಷ್ಟೇ ಸಾಕಾಗುತ್ತದೆ. ಬೇಕೆನಿಸಿದರೆ ಆಮೇಲೆ ಪಫ್‌ಗೆ ತುಸು ಪೌಡರ್ ತಾಗಿಸಿ, ಕೊಡವಿ, ಆ ಮೂರು ಜಾಗಗಳಿಗೆ ಮಾತ್ರ ಒತ್ತು. ಕೆನ್ನೆಗೆ ಬೇಡವೇ ಬೇಡ.

ಮೈಸೂರಿನಲ್ಲಿ ಇಷ್ಟು ತೊಂದರೆ ಇರಲಿಲ್ಲ ಎಂದೆಯಲ್ಲ, ನಿಜ. ಬೆವರು ಆರಬೇಕಾದರೆ ಗಾಳಿ ಒಣಗಿರಬೇಕು. ಇಲ್ಲಿ ಮುಂಬೈಯಲ್ಲಿ ಸಮುದ್ರದ ಗಾಳಿಯಲ್ಲೇ ನೀರಿರುತ್ತದೆ, ಬೆವರು ಆರದೆ ಮುಖದ ಎಣ್ಣೆಯೊಂದಿಗೆ ಸೇರಿ ಹರಡಿಕೊಳ್ಳುತ್ತದೆ. ಅದರ ಮೇಲೆ ಮಹಿಳೆಯರ ಬೋಗಿಯ ನೂಕುನುಗ್ಗಲು. ನಿನ್ನ ಚರ್ಮದಲ್ಲಿ ದೋಷವಿದೆ ಎಂದುಕೊಳ್ಳಬೇಡ ಮಗಳೇ.

ಈಗ ಪೌಡರ್. ಡಬ್ಬಿಯ ಮುಂಭಾಗದ ಚಂದದ ಮಾತುಗಳನ್ನು ಬಿಡು, ಹಿಂದೆ ಸಣ್ಣ ಅಕ್ಷರದಲ್ಲಿರುವ ಪಟ್ಟಿಯನ್ನು ಓದು. ಹೆಚ್ಚು ಇರುವ ಪದಾರ್ಥದ ಹೆಸರು ಮೊದಲು ಬರುತ್ತದೆ. ಸಿಲಿಕಾ, ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣು, ಅಕ್ಕಿಯ ಅಥವಾ ಮೆಕ್ಕೆಜೋಳದ ಪಿಷ್ಟ, ಇವು ಎಣ್ಣೆ ಹೀರುತ್ತವೆ. ಮೈಕಾ ಪಟ್ಟಿಯ ಮೇಲ್ಭಾಗದಲ್ಲೇ ಇದ್ದರೆ ಎಚ್ಚರ, ಅಭ್ರಕವೆಂದರೆ ಮಿನುಗುವ ವಸ್ತುವೇ ತಾನೇ? ಹೊಳಪು ತಗ್ಗಿಸಲು ಹೊರಟವಳು ಹೊಳಪನ್ನೇ ಕೊಂಡಂತಾಗುತ್ತದೆ. ಒತ್ತಿ ಬಿಲ್ಲೆ ಮಾಡಿದ ಕಾಂಪ್ಯಾಕ್ಟ್‌ನಲ್ಲಿ ಪುಡಿ ಹಿಡಿದು ನಿಲ್ಲಲು ಸ್ವಲ್ಪ ಜಿಡ್ಡನ್ನು ಸೇರಿಸಿರುವುದುಂಟು. ಹಾಗಾಗಿ ಬೆಳಿಗ್ಗೆ ಮನೆಯಲ್ಲಿ ಬಿಡಿ ಪುಡಿಯ ಲೂಸ್ ಪೌಡರ್, ಚೀಲದಲ್ಲಿ ಕಾಂಪ್ಯಾಕ್ಟ್, ಇದು ನನ್ನ ಲೆಕ್ಕ. ಹೆಸರೇ ಬೇಕೆಂದರೆ ಇನ್ನಿಸ್‌ಫ್ರೀಯ ನೋ ಸೀಬಮ್ ಪೌಡರ್, ಕೊರಿಯಾದ್ದು, ಪುಟ್ಟ ಡಬ್ಬಿ. ಕೈ ಬಿಗಿಹಿಡಿದರೆ ಬಹಳ ದಿನ ಬರುತ್ತದೆ.

ಒಂದು ನಿಮಿಷ ಇರು, ಕುಕ್ಕರ್ ಆರಿಸಿ ಬರುತ್ತೇನೆ.

ಹಾಂ, ಬಂದೆ. ಈ ಸಿಲಿಕಾ ಪೌಡರ್‌ನ ಒಂದು ಕೆಡುಕನ್ನು ಹೇಳಲೇಬೇಕು. ಎರಡು ವರ್ಷದ ಹಿಂದೆ ಮುಲುಂಡ್‌ನ ಒಂದು ಆರತಕ್ಷತೆಯಲ್ಲಿ ಮದುಮಗಳ ಕಣ್ಣಿನ ಕೆಳಗೆ, ಮೂಗಿನ ಮೇಲೆ ಧಾರಾಳವಾಗಿ ಹಚ್ಚಿಬಿಟ್ಟೆ. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಫೋಟೊಗಳು ಬಂದಾಗ ಫ್ಲ್ಯಾಶ್ ಬಿದ್ದ ಕಡೆಯೆಲ್ಲ ಬೂದಿ ಬಳಿದ ಹಾಗೆ ಬಿಳಿಚಿತ್ತು. ಆ ಹುಡುಗಿ ಏನೂ ಅನ್ನಲಿಲ್ಲ, ನನಗೆ ಇವತ್ತಿಗೂ ಆ ಆಲ್ಬಮ್ ನೆನಪಾದರೆ ಹೊಟ್ಟೆ ಕಿವುಚುತ್ತದೆ. ಗಣೇಶೋತ್ಸವದಲ್ಲಿ ನೀನು ಹಾಡುವ ದಿನ ಮೊದಲು ಮನೆಯಲ್ಲಿ ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಚಿತ್ರ ತೆಗೆದು ನೋಡಿಯೇ ಹೊರಡು.

ದೊಡ್ಡಮ್ಮ ಕಡಲೆಹಿಟ್ಟಿನಲ್ಲಿ ದಿನಕ್ಕೆ ನಾಲ್ಕು ಸಲ ಮುಖ ತೊಳೆ ಎಂದಿದ್ದಾರೆ. ದೊಡ್ಡಮ್ಮ, ಕಡಲೆಹಿಟ್ಟು ಜಿಡ್ಡು ತೆಗೆಯುತ್ತದೆ, ಒಪ್ಪುತ್ತೇನೆ. ಆದರೆ ನಾಲ್ಕು ಸಲ ತಿಕ್ಕಿದರೆ ಚರ್ಮ ಉರಿಯುತ್ತದೆ. ಸೌಮ್ಯವಾದ ಫೇಸ್‌ವಾಷ್‌ನಲ್ಲಿ ಎರಡು ಸಲ ಸಾಕು. ತೊಳೆದ ಮೇಲೆ ಜೆಲ್‌ನಂಥ ಹಗುರ ಮಾಯಿಶ್ಚರೈಸರ್ ಹಚ್ಚಬೇಕು. ಎಣ್ಣೆ ಮುಖಕ್ಕೆ ಬೇಡ ಎಂದು ಬಿಟ್ಟುಬಿಡುವವರೇ ನನ್ನಲ್ಲಿಗೆ ಹೆಚ್ಚಾಗಿ ಬರುತ್ತಾರೆ, ಮೇಲೆ ಜಿಡ್ಡು, ಒಳಗೆ ಬಿಗಿತ. ಅದರ ಮೇಲೆ ಸನ್‌ಸ್ಕ್ರೀನ್, ಆರಲು ಹತ್ತು ನಿಮಿಷ, ಆಮೇಲೆಯೇ ಪೌಡರ್. ಪೌಡರ್‌ನಲ್ಲೇ ಎಸ್‌ಪಿಎಫ್ ಇದೆ ಎಂದು ನಂಬಿ ಸನ್‌ಸ್ಕ್ರೀನ್ ಬಿಡಬೇಡ, ಬಿಸಿಲು ತಡೆಯುವಷ್ಟು ಪೌಡರನ್ನು ಯಾರೂ ಹಚ್ಚುವುದಿಲ್ಲ.

ಅತ್ತಿಗೆ, ಮಗುವಿನ ಟಾಲ್ಕಂ ಪೌಡರನ್ನೇ ಇವಳೂ ಹಚ್ಚಲಿ ಎಂದಿರಿ. ದಯವಿಟ್ಟು ಬೇಡ. ಟಾಲ್ಕ್ ನುಣುಪು ಕೊಡುತ್ತದೆ, ಎಣ್ಣೆ ಹೀರುವುದರಲ್ಲಿ ಹಿಂದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರಲ್ಲಿ ಟಾಲ್ಕನ್ನು ‘ಬಹುಶಃ ಕ್ಯಾನ್ಸರ್ ಉಂಟುಮಾಡಬಲ್ಲದ್ದು’ ಎಂಬ ವರ್ಗಕ್ಕೆ ಸೇರಿಸಿದೆ. ಇಷ್ಟು ದಿನ ಹಚ್ಚಿದ್ದಕ್ಕೆ ಹೆದರಬೇಕಾಗಿಲ್ಲ. ಆದರೆ ಪುಟ್ಟನ ಎಳೆ ಶ್ವಾಸಕೋಶಕ್ಕೆ ಯಾವ ಪುಡಿಯ ಧೂಳೂ ಹೋಗಬಾರದು. ಸ್ನಾನದ ನಂತರ ಮೆತ್ತನೆಯ ಬಟ್ಟೆಯಲ್ಲಿ ಮಡಿಕೆಗಳನ್ನು ಒರೆಸಿ ಆರಿಸಿದರೆ ಅವನಿಗೆ ಸಾಕು. ನಾಳೆಯಿಂದಲೇ ಆ ಡಬ್ಬಿಯನ್ನು ತೆಗೆದಿಡಿ.

ಅನಘಾ, ರೈಲಿನಲ್ಲಿ ಮಾರಲು ಬರುವ ಕ್ಲಿಪ್ಪು, ಓಲೆ ಕೊಂಡುಕೋ, ಮುಖಕ್ಕೆ ಹಚ್ಚುವುದನ್ನು ಕೊಳ್ಳಬೇಡ. ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಮುಗಿಯುವ ದಿನಾಂಕ ಇರಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು, ನೋಂದಣಿ ಸಂಖ್ಯೆಯೂ ಬೇಕು. ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರದಲ್ಲಿ 12M ಎಂದಿದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದು ಎಂದರ್ಥ. ಪಫ್ ಮಾತ್ರ ವಾರಕ್ಕೊಮ್ಮೆ ಸಾಬೂನಿನಲ್ಲಿ ತೊಳೆದು ಒಣಗಿಸು. ಎಣ್ಣೆ ಹಿಡಿದ ಪಫ್ ಮತ್ತೆ ಮತ್ತೆ ಮುಖಕ್ಕೆ ತಾಗಿದರೆ ಮೊಡವೆ ಏಳುತ್ತದೆ.

ಇದೆಲ್ಲ ಮಾಡಿಯೂ ಒಂದೆರಡು ತಿಂಗಳಲ್ಲಿ ಕಡಿಮೆಯಾಗದಿದ್ದರೆ, ಜೊತೆಗೆ ಮುಟ್ಟು ಏರುಪೇರಾಗುತ್ತಿದ್ದರೆ, ಗದ್ದದ ಮೇಲೆ ಒರಟು ಕೂದಲು ಬರುತ್ತಿದ್ದರೆ ಪೌಡರ್ ಹುಡುಕುತ್ತಾ ಕೂರಬೇಡ, ವೈದ್ಯರಲ್ಲಿಗೆ ಹೋಗೋಣ. ಅದು ಹಾರ್ಮೋನಿನ ವಿಷಯವಿರಬಹುದು, ಚಿಕಿತ್ಸೆ ಇದೆ. ಇದು ನಮ್ಮ ಹೆಂಗಸರದ್ದೇ ಗುಂಪು, ಸಂಕೋಚ ಬೇಡ. ಬೇಕಿದ್ದರೆ ನನಗೊಬ್ಬಳಿಗೇ ಫೋನ್ ಮಾಡು.

ಭಾನುವಾರ ಊಟವಾದ ಮೇಲೆ ಬಾ, ಸಂಜೆಯಾಗುವುದು ಬೇಡ. ಬಣ್ಣ ಹೊಂದುತ್ತದೆಯೇ ಎಂದು ಬಾಗಿಲ ಬೆಳಕಿನಲ್ಲಿ ದವಡೆಯ ಮೇಲೆ ಹಚ್ಚಿ ನೋಡಬೇಕು, ಟ್ಯೂಬ್‌ಲೈಟಿನಲ್ಲಿ ತಿಳಿಯುವುದಿಲ್ಲ. ಈಗ ಬಳಸುತ್ತಿರುವ ಡಬ್ಬಿಯನ್ನೂ, ಆ ಪಫ್ಪನ್ನೂ ಮರೆಯದೆ ತೆಗೆದುಕೊಂಡು ಬಾ.